ಒಂದು ರೈಟ್, ಎರಡು ರೈಟ್

ಜೂನ್ 4

ಇಂಗ್ಲಿಷ್-ಕನ್ನಡ ನಿಘಂಟಿನ ಆರ್ ಅಕ್ಷರ ಇಂದು ಹಂಚಿಕೆಯಾಯಿತು. ನನ್ನ ಪಾಲಿಗೆ ಬಂದ ದೊಡ್ಡ ಪದ ‘ರೈಟ್’. ಸಂಪಾದಕರು ಕನ್ನಡಕದ ಮೇಲಿಂದ ನೋಡಿ, “ಪುಟ್ಟ ಪದ ಅಂತ ಸಸಾರ ಮಾಡ್ಬೇಡಮ್ಮ. ಆಡು ಮುಟ್ಟದ ಸೊಪ್ಪಿಲ್ಲ, ಇದು ನುಗ್ಗದ ಜಾಗ ಇಲ್ಲ. ತಿಂಗಳ ಕೊನೆಗೆ ನನ್ನ ಮೇಜಿನ ಮೇಲಿರಬೇಕು,” ಎಂದರು.

ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಭಾನುವಾರದಿಂದ ನಮ್ಮ ಮನೆಯಲ್ಲಿ ಬೇರೆ ಪದವೇ ಇಲ್ಲ. ಅಪ್ಪ ಬಂದಿದ್ದಾರೆ. ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋಗಿವೆ. ಮಾತಿನಲ್ಲಿ ಉಳಿದದ್ದು ಒಂದೇ ಒಂದು, ಬಸ್ ಕಂಡಕ್ಟರಾಗಿ ಫುಟ್‌ಬೋರ್ಡಿನ ಮೇಲೆ ನಿಂತು ಆಯಸ್ಸೆಲ್ಲ ಕೂಗಿದ ‘ರೈಟ್’. ಬಲಭಾಗ ಹೋಗಿ ‘ರೈಟ್’ ಉಳಿಯಿತು. ಇಂಥ ಕುಚೇಷ್ಟೆ ವಿಧಿಗೆ ಮಾತ್ರ ಹೊಳೆಯುತ್ತದೆ.

ತಮ್ಮನ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ನನ್ನದು ನೆಲಮಹಡಿ, ಗಂಡ ಮಕ್ಕಳ ಗಲಾಟೆಯಿಲ್ಲ. ಅಲ್ಲಿಗೆ ತೀರ್ಮಾನವಾಯಿತು. “ಒಂದೇ ತಿಂಗಳು ಅಕ್ಕಾ. ಅಷ್ಟರಲ್ಲಿ ಒಳ್ಳೇ ಆರೈಕೆ ಕೇಂದ್ರ ಹುಡುಕ್ತೀನಿ. ಅಲ್ಲಿವರೆಗೆ ಹೇಗಾದ್ರೂ ತಳ್ಳು,” ಎಂದ. ಅಪ್ಪ ನಮಗಿಬ್ಬರಿಗೂ ಬಸ್ಸಿನ ಹೆಸರಿಟ್ಟಿದ್ದರು. ಎಲ್ಲೂ ನಿಲ್ಲಿಸದೆ ಮಾತಾಡುವ ತಮ್ಮ ಎಕ್ಸ್‌ಪ್ರೆಸ್, ಪದಪದಕ್ಕೂ ನಿಲ್ಲುವ ನಾನು ಶಟಲ್. ಎಕ್ಸ್‌ಪ್ರೆಸ್ ಮಾತು ಮುಗಿಸಿ ಹೊರಟೇಹೋಯಿತು.

ಸಂಪಾದಕರು ಈ ತಿಂಗಳು ಮನೆಯಿಂದಲೇ ಬರೆಯಲು ಬಿಟ್ಟಿದ್ದಾರೆ. ವಾರಕ್ಕೊಮ್ಮೆ ಕಚೇರಿಗೆ ಹೋಗಿ ತೋರಿಸಬೇಕು. ಆ ಹೊತ್ತು ಎದುರುಮನೆಯ ಟೈಲರಕ್ಕ ಹೊಲಿಗೆ ಹಿಡಿದುಕೊಂಡು ಬಂದು ಕೂರುತ್ತಾರಂತೆ. ಒಂದು ತಿಂಗಳು ತಾನೇ.

ಜೂನ್ 6

“ಅಪ್ಪಾ, ಟೀಗೆ ಸಕ್ಕರೆ ಹಾಕ್ಲಾ?”

“ರೈಟ್.”

ಹಾಕಿದೆ. ಒಂದು ಗುಟುಕು ಕುಡಿದು ಎಡಗೈಯಿಂದ ಲೋಟ ತಳ್ಳಿದರು. ಟೀ ನನ್ನ ಕಾಗದಗಳ ಮೇಲೆಲ್ಲ ಹರಿಯಿತು. ನನಗೂ ರೇಗಿತು. “ರೈಟ್ ಅಂದಮೇಲೆ ಕುಡೀಬೇಕಪ್ಪ. ನೀವು ಹೇಳಿದ್ದಕ್ಕೇ ಅಲ್ವಾ ಹಾಕಿದ್ದು?”

“ರೈಟ್!”

“ಕಿಟಕಿ ತೆಗೀಲಾ? ಸೆಕೆನಾ?”

“ರೈಟ್ ರೈಟ್.”

ಎಷ್ಟು ಅವಸರ! ಒಂದು ಸಲ ಹೇಳಿದರೆ ಕೇಳಿಸುವುದಿಲ್ಲವೇ ನನಗೆ? ಆಸ್ಪತ್ರೆಯಲ್ಲೂ ಇದೇ ಕತೆ ನಡೆದಿತ್ತಂತೆ. ಡಾಕ್ಟರು ನೋವಿದೆಯಾ ಎಂದರೆ ರೈಟ್ ಎನ್ನುವುದು, ಇಂಜೆಕ್ಷನ್ ತಂದರೆ ಕಣ್ಣು ಕೆಂಪಗೆ ಮಾಡುವುದು.

ಒದ್ದೆ ಕಾಗದ ಒಣಹಾಕಿ ಪದದ ಕೆಲಸ ಶುರುಮಾಡಿದೆ. ಸರಿ, ನೇರ, ಬಲ, ನ್ಯಾಯ, ಹಕ್ಕು, ತಕ್ಕದ್ದು. ‘ರೈಟ್ ನೌ’ ಎಂದರೆ ಈಗಲೇ, ‘ರೈಟ್ ಹಿಯರ್’ ಎಂದರೆ ಇಲ್ಲೇ. ಅಲ್ಲಿ ರೈಟ್ ಮಾಡುವ ಕೆಲಸವನ್ನು ನಮ್ಮಲ್ಲಿ ಪದದ ಬಾಲದ ಒಂದು ‘ಏ’ಕಾರ ಮಾಡಿಬಿಡುತ್ತದೆ. ಇದು ನನಗೆ ಬಹಳ ಖುಷಿ ಕೊಟ್ಟಿತು. ಖುಷಿ ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ ಎಂದು ಬರೆಯಹೊರಟೆ. ಇದ್ದಾರೆ. ಆದರೆ ಹೇಳಲಿಲ್ಲ.

ಜೂನ್ 9

ಮಾತಿನ ತರಬೇತಿಯವರು ಬಂದಿದ್ದರು. ಮಾತಿನ ಮೇಡಂ ಎಂದು ಕರೆಯುತ್ತೇನೆ. ಸಾವಧಾನದ ಹೆಂಗಸು. ಅಪ್ಪನ ಮುಂದೆ ಬಾಚಣಿಗೆ, ಚಮಚ, ಕೀಲಿ ಇಟ್ಟು “ಕೀಲಿ ತೋರ್ಸಿ” ಎಂದರೆ ಅಪ್ಪ ಸರಿಯಾಗಿಯೇ ತೋರಿಸಿದರು. “ಅವರಿಗೆ ಅರ್ಥ ಆಗುತ್ತೆ. ಹೊರಗೆ ಬರೋ ಬಾಗಿಲಷ್ಟೇ ಮುಚ್ಚಿದೆ. ಹೀಗೆ ಒಂದೇ ಮಾತು ಉಳಿಯೋದು ಉಂಟು. ಆ ಒಂದು ಮಾತಲ್ಲೇ ಎಲ್ಲ ಹೇಳೋಕೆ ನೋಡ್ತಾರೆ. ನೀವು ಮಾತು ಕೇಳ್ಬೇಡಿ, ಹೇಳೋ ರೀತಿ ಕೇಳಿ,” ಎಂದರು. ಜನ್ಮವಿಡೀ ಪದ ಕೇಳಿಯೇ ಅನ್ನ ತಿಂದವಳಿಗೆ ಒಳ್ಳೆ ಉಪದೇಶ.

ಇವತ್ತು ಪದದ ಬೇರು ಅಗೆದೆ. ‘ರೈಟ್’ನ ತೀರಾ ಹಳೆಯ ಅರ್ಥ ನೇರ, ಡೊಂಕಿಲ್ಲದ್ದು. ಇಂಗ್ಲಿಷಿನ ರೂಲರ್, ರೆಗ್ಯುಲರ್, ಡೈರೆಕ್ಟ್ ಎಲ್ಲವೂ ಅದೇ ಬೇರಿನ ಟಿಸಿಲುಗಳು. ನಮ್ಮ ಬಾಯಲ್ಲಿ ಓಡಾಡುವ ಸಂಸ್ಕೃತದ ‘ಋಜು’ ಕೂಡ ದೂರದ ದಾಯಾದಿ. ನೇರ ಗೆರೆ ಎಳೆಯುವ ಕೋಲೂ ರೂಲರ್, ಆಳುವವನೂ ರೂಲರ್.

ಅಪ್ಪನೂ ಹಾಗೆಯೇ. ಗೆರೆ ಎಳೆದ ಹಾಗೆ ನೇರ. ನನಗೆ ಹದಿನಾಲ್ಕು ವರ್ಷ, ಪಬ್ಲಿಕ್ ಪರೀಕ್ಷೆಯ ಬೆಳಿಗ್ಗೆ. ಅಪ್ಪನ ಬಸ್ಸಿಗೇ ಹೋಗಬೇಕಿತ್ತು. ಚಪ್ಪಲಿಯ ಬಾರು ಕಿತ್ತು ತಡವಾಯಿತು. ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆ. ಅಪ್ಪ ಫುಟ್‌ಬೋರ್ಡಿನ ಮೇಲಿದ್ದರು, ನನ್ನನ್ನು ನೋಡಿದರು. ನೋಡಿಯೇ “ರೈಟ್ ರೈಟ್” ಎಂದರು. ಬಸ್ಸು ಹೋಯಿತು. ಮುಂದಿನ ಬಸ್ಸಿಗೆ ಹೋಗಿ ತಲುಪುವಷ್ಟರಲ್ಲಿ ಎಲ್ಲರೂ ಎರಡನೇ ಪುಟ ಬರೆಯುತ್ತಿದ್ದರು. ಸಂಜೆ ಅತ್ತರೆ ಅಪ್ಪ ಹೇಳಿದ್ದು ಒಂದೇ ಮಾತು. “ಬಸ್ಸು ನಿನ್ನೊಬ್ಬಳದಲ್ಲ.”

ಸರಿಯೇ. ಕೂತವರೆಲ್ಲರಿಗೂ ಹೊತ್ತಿಗೆ ತಲುಪಬೇಕಿತ್ತು. ಆದರೆ ಅಲ್ಲಿಯವರೆಗೆ ನಾನೂ ತಮ್ಮನ ಹಾಗೆ ಅಪ್ಪನನ್ನು ನೀನು ಎನ್ನುತ್ತಿದ್ದೆ. ಮರುದಿನದಿಂದ ನೀವು. ಯಾಕೆಂದು ಯಾರೂ ಕೇಳಲಿಲ್ಲ, ಮಗಳಿಗೆ ಮರ್ಯಾದೆ ಬಂತು ಎಂದುಕೊಂಡರು.

ಜೂನ್ 10

ಇಡೀ ದಿನ ರೈಟ್, ರೈಟ್, ರೈಟ್. ತಲೆ ಚಿಟ್ಟು ಹಿಡಿಯಿತು. ಒಂದು ಸಾಲೂ ಬರೆಯಲಾಗಲಿಲ್ಲ.

ಜೂನ್ 14

ತಮ್ಮ ಬಂದಿದ್ದ. ಆರೈಕೆ ಕೇಂದ್ರ ಸಿಕ್ಕಿದೆ. ಊರಾಚೆ, ಗಿಡಮರ ಇವೆ, ನರ್ಸುಗಳಿದ್ದಾರೆ, ಜುಲೈ ಎರಡಕ್ಕೆ ಒಂದು ಕೋಣೆ ಖಾಲಿಯಾಗುತ್ತದೆ. ಮೊಬೈಲಿನಲ್ಲಿ ಫೋಟೊ ತೋರಿಸಿದ. ಚೊಕ್ಕಟವಾಗಿದೆ, ಸುಮ್ಮನೆ ಹೆಸರಿಡಬಾರದು.

ಆಮೇಲೆ ಅಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತ. “ಅಪ್ಪಾ, ಇಲ್ಲಿ ಅಕ್ಕಂಗೆ ಒಬ್ಬಳಿಗೇ ಕಷ್ಟ ಆಗುತ್ತೆ. ಅಲ್ಲಿ ಚೆನ್ನಾಗಿ ನೋಡ್ಕೋತಾರೆ. ಹೋಗ್ತೀಯಾ?”

“ರೈಟ್,” ಎಂದರು ಅಪ್ಪ.

“ನೋಡಿದ್ಯಾ ಅಕ್ಕಾ? ಒಪ್ಪಿದ! ನೀನು ಸುಮ್ನೆ ಹೆದರ್ತಿದ್ದೆ.”

ನನಗೆ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. ಇದನ್ನು ಬರೆಯಲು ನನಗೇನೂ ನಾಚಿಕೆಯಿಲ್ಲ. ನನ್ನ ಮನೆ ನನಗೆ ಬೇಕು, ನನ್ನ ಮೌನ ನನಗೆ ಬೇಕು. ಹುಣ್ಣಾದವರಿಗೆ ಗೊತ್ತು ನೋವು.

ತಮ್ಮ ಹೋದ ಮೇಲೆ ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಊಟಕ್ಕೆ ಎಬ್ಬಿಸಲಾ ಎಂದರೆ “ರೈಟ್.” ಎಬ್ಬಿಸಿದೆ. ಬಾಯಿ ತೆರೆಯಲಿಲ್ಲ.

ಜೂನ್ 17

ಕಚೇರಿಯಲ್ಲಿ ಮುಖಭಂಗ. ಬೇರಿನ ಟಿಪ್ಪಣಿಯಲ್ಲಿ ನಾನು ಠೀವಿಯಿಂದ, ‘ರೈಟ್, ಋಜು, ಕಾಗದಕ್ಕೆ ಹಾಕುವ ರುಜು ಮೂರೂ ಒಂದೇ ಬೇರಿನವು’ ಎಂದು ಬರೆದಿದ್ದೆ. ಎಷ್ಟು ಚೆಂದ ಕೂಡಿಬಂದಿತ್ತು! ನೇರ ಮನುಷ್ಯ ಹಾಕುವ ನೇರ ಸಹಿ.

ಸಂಪಾದಕರು ಓದಿ ಪೆನ್ನಿನ ಮುಚ್ಚಳ ತೆಗೆದರು. “ಋಜು ಸರಿ. ರುಜು ಬೇರೆ ಊರಿನ ನೆಂಟ ಕಣಮ್ಮ. ಅರಬ್ಬಿ ಕಡೆಯಿಂದ ಹೊರಟು, ಕಚೇರಿ ಭಾಷೆಗಳ ಮೆಟ್ಟಿಲು ಹತ್ತಿ ನಮ್ಮನೆಗೆ ಬಂದಿದ್ದು. ಮುಖ ಒಂದೇ ಥರ ಇದ್ದ ಮಾತ್ರಕ್ಕೆ ಅಣ್ಣತಮ್ಮಂದಿರು ಅಂದುಬಿಡೋದಾ? ಕಿವಿಗೆ ಒಂದೇ ಥರ ಕೇಳಿದ್ದೆಲ್ಲ ಒಂದೇ ಅಲ್ಲ.” ಗೀಟು ಎಳೆದರು. ನಾನು ಮುಖ ಗಂಟು ಹಾಕಿಕೊಂಡದ್ದು ನೋಡಿ ಟೀ ತರಿಸಿಕೊಟ್ಟರು.

ಸಮಾಧಾನಕ್ಕೆ ಬೇರೆಯೊಂದು ಸಿಕ್ಕಿತು. ಹಳೆಯ ಇಂಗ್ಲಿಷಿನಲ್ಲಿ ಬಲಗೈಗೆ ರೈಟ್ ಎನ್ನುತ್ತಿರಲಿಲ್ಲವಂತೆ. ‘ಹೆಚ್ಚು ಶಕ್ತಿಯದ್ದು’ ಎಂಬ ಅರ್ಥದ ಬೇರೆ ಪದವಿತ್ತು. ನಮ್ಮ ಬಲದ ಹಾಗೆಯೇ, ಕೈಯೂ ಅದೇ, ಶಕ್ತಿಯೂ ಅದೇ. ಎಡಗೈಗೆ ಅವರಿಟ್ಟ ಹೆಸರಿನ ಮೂಲ ಅರ್ಥ ದುರ್ಬಲ. ಪಾಪ ಎಡಗೈ, ಎಲ್ಲ ಭಾಷೆಗಳಲ್ಲೂ ಮಲತಾಯಿಯ ಮಗ.

ಮನೆಗೆ ಬಂದರೆ ಅಪ್ಪ ಆ ದುರ್ಬಲ ಎಡಗೈಯಲ್ಲಿ ಟೈಲರಕ್ಕನ ಗುಂಡಿಗಳನ್ನು ಬಣ್ಣ ಬಣ್ಣಕ್ಕೆ ವಿಂಗಡಿಸುತ್ತ ಕೂತಿದ್ದರು. ಟೈಲರಕ್ಕ, “ಬಟ್ಟೆ ಉಲ್ಟಾ ಹಿಡಿದ್ರೆ ನಿಮ್ಮಪ್ಪ ಗದರ್ತಾರೆ ಕಣ್ರೀ. ರೈಟ್ ಅಂತಾರೆ, ತಿರುಗಿಸ್ಬೇಕು. ಸೀದಾ ಹಿಡಿದ್ರೆ ರೈಟ್ ರೈಟ್ ಅಂತ ಹೊಗಳ್ತಾರೆ,” ಎಂದು ನಕ್ಕರು. ನಾನೂ ನಕ್ಕೆ.

ಜೂನ್ 20

ಮೇಜನ್ನು ಅಪ್ಪನ ಹಾಸಿಗೆಯ ಪಕ್ಕ ಕಿಟಕಿಯ ಹತ್ತಿರ ಎಳೆದುಕೊಂಡೆ. ಬೆಳಕು ಚೆನ್ನಾಗಿದೆ, ಅದಕ್ಕೇ. ಕಿಟಕಿಯಾಚೆ ರಸ್ತೆ, ರಸ್ತೆಯಾಚೆ ಬಸ್ ನಿಲ್ದಾಣ. ಎಂಟು ವರ್ಷದಿಂದ ಈ ಮನೆಯಲ್ಲಿದ್ದೇನೆ, ಆ ನಿಲ್ದಾಣವನ್ನು ಹತ್ತಲು ಇಳಿಯಲು ಬಿಟ್ಟು ಬೇರೆ ಯಾವುದಕ್ಕೂ ನೋಡಿದವಳಲ್ಲ. ಅಪ್ಪ ನೋಡುವುದೇ ಬೇರೆ. ಬಸ್ಸು ಬಂದು ನಿಂತರೆ ಬೆನ್ನು ನೆಟ್ಟಗಾಗುತ್ತದೆ. ಕೊನೆಯವರು ಹತ್ತುವವರೆಗೂ ಉಸಿರು ಬಿಗಿಹಿಡಿದು, ಆಮೇಲೆ ಮೆಲ್ಲಗೆ “ರೈಟ್ ರೈಟ್” ಎನ್ನುತ್ತಾರೆ. ಬಸ್ಸು ಹೊರಡುತ್ತದೆ. ಕಂಡಕ್ಟರಿಗೆ ಗೊತ್ತೇ ಇಲ್ಲ, ತನ್ನ ಬಸ್ಸು ಕಿಟಕಿಯ ಒಳಗಿಂದ ಹೊರಡುತ್ತಿದೆ ಎಂದು.

ಇವತ್ತು ಒಬ್ಬ ಮುದುಕಿ ಚೀಲ ಹೊತ್ತು ಓಡಿಬಂದಳು. ಬಸ್ಸು ಆಗಲೇ ಅಲುಗಿತ್ತು. ಅಪ್ಪ ಕಿಟಕಿಯ ಸರಳಿಗೆ ಟಣ್ ಎಂದು ಹೊಡೆದು “ರೈಟ್!” ಎಂದು ಕೂಗಿದ. ಬಸ್ಸಿಗೆ ಕೇಳಿಸಲಿಲ್ಲ, ಹೋಗಿಯೇಬಿಟ್ಟಿತು. ಅಪ್ಪನ ಕಣ್ಣಲ್ಲಿ ನೀರು. ಇದು ಪಾರ್ಶ್ವವಾಯುವಿನ ಲಕ್ಷಣ, ಸುಮ್ಮಸುಮ್ಮನೆ ಅಳು ಬರುತ್ತದೆ ಎಂದು ಮಾತಿನ ಮೇಡಂ ಮೊದಲೇ ಹೇಳಿದ್ದರು. ಮುಖ ಒರೆಸಿದೆ.

‘ಏ’ಕಾರದ ವಿಷಯ ಅಪ್ಪನಿಗೆ ಹೇಳಿದೆ. ಈಗ, ಈಗಲೇ. ಇಲ್ಲಿ, ಇಲ್ಲೇ. “ರೈಟ್ ರೈಟ್,” ಎಂದು ತಲೆದೂಗಿದ.

ಜೂನ್ 24

ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ!

ಕಚೇರಿಯಿಂದ ಬರುವಾಗ ಹಳೆಯ ಬಸ್ಸು ಸಿಕ್ಕಿತು, ಚಾವಣಿಯುದ್ದಕ್ಕೂ ಗಂಟೆಯ ಹಗ್ಗ ಇರುವಂಥದ್ದು. ಕಂಡಕ್ಟರು ಹಗ್ಗ ಎಳೆದ, ಟಣ್. ಬಸ್ಸು ನಿಂತಿತು. ಜನ ಇಳಿದರು. ಮತ್ತೆ ಎಳೆದ, ಟಣ್ ಟಣ್. ಬಸ್ಸು ಹೊರಟಿತು. ಮುಂದಿನ ನಿಲ್ದಾಣ, ಟಣ್. ನಿಂತಿತು. ಟಣ್ ಟಣ್. ಹೊರಟಿತು. ಒಂದು ಎಂದರೆ ನಿಲ್ಲು, ಎರಡು ಎಂದರೆ ಹೊರಡು. ಕಂಡಕ್ಟರನ ಮಗಳು ನಾನು, ಹಾಲು ಕುಡಿಯುವಾಗಿನಿಂದ ಕೇಳಿದ್ದೇನೆ.

ನನ್ನ ನಿಲ್ದಾಣ ದಾಟಿಹೋಯಿತು. ಇಳಿದು ವಾಪಸು ಓಡಿ ಬಂದೆ, ಈ ವಯಸ್ಸಿನಲ್ಲಿ. ಟೈಲರಕ್ಕ ಏನಾಯಿತೋ ಎಂದು ಗಾಬರಿಯಾದರು.

“ಅಪ್ಪಾ, ಇವತ್ತು ಮಳೆ ಬಂತಾ?” ಬೆಳಗಿಂದ ಬಿಸಿಲು.

“ರೈಟ್.”

“ನಾನು ನಿನ್ನ ಮಗಳಾ?”

“ರೈಟ್ ರೈಟ್.”

“ಟೈಲರಕ್ಕಂಗೆ ಮೀಸೆ ಇದೆಯಾ?”

ಅಪ್ಪ ಟೈಲರಕ್ಕನನ್ನು ಒಮ್ಮೆ ಚೆನ್ನಾಗಿ ನೋಡಿ, “ರೈಟ್,” ಎಂದ. ಆಮೇಲೆ ನಕ್ಕ, ಅರ್ಧ ಮುಖದಲ್ಲಿ. ಟೈಲರಕ್ಕ ಕತ್ತರಿ ಎತ್ತಿಕೊಂಡು ಗದರಿದರು.

“ಟೀಗೆ ಸಕ್ಕರೆ?”

“ರೈಟ್!” ಎಷ್ಟು ದಿನದಿಂದ ಬಾಯಿ ಬಡಿದುಕೊಳ್ಳುತ್ತಿದ್ದೇನೆ, ಈಗ ಕೇಳಿಸಿತಾ ಎಂಬಂತೆ.

ಒಂದು ಎಂದರೆ ಇಲ್ಲ, ಎರಡು ಎಂದರೆ ಹೌದು. ಮಾತು ಹೋದರೂ ಗಂಟೆಯ ಲೆಕ್ಕ ಉಳಿದಿತ್ತು, ಬಾಯಲ್ಲಿದ್ದ ಒಂದೇ ಪದವನ್ನು ಅಪ್ಪ ಗಂಟೆ ಮಾಡಿಕೊಂಡಿದ್ದ. ನಾವೆಲ್ಲ ಪದ ಕೇಳಿ ಹೌದು ಎಂದುಕೊಂಡೆವು. ಡಾಕ್ಟರು, ತಮ್ಮ, ನಿಘಂಟು ಬರೆಯುವ ನಾನು. ನನಗೆ ಕುಣಿಯುವಷ್ಟು ಸಂತೋಷವಾಗಿ, ಟೀ ಲೋಟ ಹಿಡಿದು ಅಡುಗೆಮನೆಗೆ ಹೋದೆ. ಅಲ್ಲಿ ಸಿಂಕಿನ ಮುಂದೆ ನೆನಪಾಯಿತು. ಹೋಗ್ತೀಯಾ ಎಂದು ತಮ್ಮ ಕೇಳಿದಾಗ ಅಪ್ಪ ಹೇಳಿದ್ದು ಒಂದೇ ರೈಟ್.

ಜೂನ್ 25

ಕೇಳಿದೆ. “ಅಪ್ಪಾ, ಆ ಆರೈಕೆ ಕೇಂದ್ರಕ್ಕೆ ಹೋಗೋಕೆ ನಿನಗೆ ಇಷ್ಟ ಇದೆಯಾ?”

“ರೈಟ್.”

ಕಾಯುತ್ತ ಕೂತೆ. ಎರಡನೆಯದು ಬರಲಿಲ್ಲ.

ತಮ್ಮನಿಗೆ ಫೋನ್ ಮಾಡಿದೆ. “ಅಕ್ಕಾ, ಪದ ಕೆದಕಿ ಕೆದಕಿ ನಿನಗೆ ಎಲ್ಲದರಲ್ಲೂ ಅರ್ಥ ಕಾಣುತ್ತೆ,” ಎಂದ. ಅಪ್ಪನ ಕಿವಿಗೇ ಫೋನ್ ಹಿಡಿದು ಅವನಿಂದಲೇ ಎರಡು ಪ್ರಶ್ನೆ ಕೇಳಿಸಿದೆ. ಆಚೆ ಕಡೆ ಎಕ್ಸ್‌ಪ್ರೆಸ್ ಸ್ವಲ್ಪ ಹೊತ್ತು ನಿಂತೇ ಇತ್ತು. ಆಮೇಲೆ ಹೇಳಿದ, “ಸರಿ, ಒಪ್ತೀನಿ. ಆದ್ರೆ ಈ ತಿಂಗಳು ಮುಗಿದು ನೀನು ಆಫೀಸಿಗೆ ಹೋಗ್ಬೇಕು ಅಂದ್ರೆ ಅಪ್ಪನ್ನ ಎತ್ತೋರು ಯಾರು? ನನ್ನ ಮನೆ ಮೆಟ್ಟಿಲು ಯಾರು ಹತ್ತಿಸ್ತಾರೆ? ಅಪ್ಪಂಗೆ ಇಷ್ಟ ಇಲ್ಲ ಸರಿ, ದಾರಿ ಏನು ಹೇಳು.”

ತಮ್ಮ ಕಟುಕನಲ್ಲ, ಅವನ ಧ್ವನಿಯೂ ಒಡೆದಿತ್ತು. ಜುಲೈ ಎರಡು ಹಾಗೆಯೇ ಉಳಿಯಿತು.

ಇನ್ನೊಂದು ಪ್ರಶ್ನೆ ಬಾಕಿಯಿತ್ತು. ಇಲ್ಲೇ ಇರ್ತೀಯಾ, ನನ್ನ ಜೊತೆ? ಅದನ್ನು ಕೇಳಲಿಲ್ಲ. ಎರಡು ರೈಟ್ ಬಂದರೆ ಏನು ಮಾಡಲಿ? ಒಂದೇ ಬಂದರೂ ತಡೆದುಕೊಳ್ಳಲಾರೆ.

ಇವತ್ತಿನ ಅರ್ಥ, ಹಕ್ಕು. ಈ ಪದವೂ ಅರಬ್ಬಿಯಿಂದ ಬಂದದ್ದು, ಅಲ್ಲಿ ಅದಕ್ಕೆ ನಿಜ ಎಂಬ ಅರ್ಥವೂ ಇದೆ. ಇಷ್ಟು ಬರೆದು ಪೆನ್ನು ಮುಚ್ಚಿದೆ.

ಜೂನ್ 29

‘ರೈಟ್’ ಒಪ್ಪಿಸಿದೆ. ಸಂಪಾದಕರು ಬೆರಳಿಟ್ಟು ಓದುತ್ತ ಕೊನೆಗೆ ಬಂದರು. “ಇದೇನಮ್ಮ? ‘ಒಮ್ಮೆ ಹೇಳಿದರೆ, ಬೇಡ, ನಿಲ್ಲು. ಎರಡು ಸಲ ಹೇಳಿದರೆ, ಹೌದು, ಹೊರಡು.’ ಇದು ಯಾವ ಕಡೆ ಬಳಕೆ?”

“ನಮ್ಮನೆ ಬಳಕೆ ಸಾರ್.”

“ಎಷ್ಟು ಜನ ಆಡ್ತಾರೆ?”

“ಆಡೋರು ಒಬ್ಬರು. ತಿಳಿಯೋರು ಮೂವರು, ತಮ್ಮನ್ನೂ ಟೈಲರಕ್ಕನ್ನೂ ಸೇರಿಸಿದ್ರೆ.”

ನಗಲಿಲ್ಲ. ಅಪ್ಪ ಹೇಗಿದ್ದಾರೆ ಎಂದರು. ಎರಡರಂದು ಹೋಗುತ್ತಾರೆ ಎಂದೆ. ಪೆನ್ನು ತೆಗೆದು ಆ ಸಾಲಿಗೆ ಗೀಟು ಎಳೆದರು, ಎಳೆಯಲೇಬೇಕಲ್ಲ. “ನಿನಗೆ ಮನೆಯಿಂದ ಕೆಲಸ ಮಾಡೋದು ಒಗ್ಗಿದ ಹಾಗಿದೆ. ಇಷ್ಟು ಶುದ್ಧವಾಗಿ ನೀನು ಯಾವತ್ತೂ ಬರೆದು ಕೊಟ್ಟಿರಲಿಲ್ಲ. ಎಸ್ ಅಕ್ಷರ ಇನ್ನೂ ದೊಡ್ಡದು,” ಎಂದರು. ಅಷ್ಟೇ ಹೇಳಿದರು.

ಜುಲೈ 1

ಅಪ್ಪನ ಬಟ್ಟೆ ಚೀಲಕ್ಕೆ ತುಂಬಿದೆ. ತೆಗೆದು ಮತ್ತೆ ಮಡಿಚಿ ತುಂಬಿದೆ. ಟೈಲರಕ್ಕ ಬಲಗೈ ತೂರಿಸಲು ಸುಲಭವಾಗಲೆಂದು ಅಂಗಿಗಳ ತೋಳನ್ನು ಅಗಲ ಮಾಡಿ ಕೊಟ್ಟಿದ್ದಾರೆ. ಅಪ್ಪ ಕಿಟಕಿಯಲ್ಲೇ ಇದ್ದ. ನನ್ನ ಕಡೆ ನೋಡಲಿಲ್ಲ.

ಜುಲೈ 2

ತಮ್ಮ ಕಾರು ತಂದ. ಇಬ್ಬರೂ ಸೇರಿ ಅಪ್ಪನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದೆವು. ಚೀಲ ಮುಂದೆ. ನಾನು ಹೋಗುವುದಿಲ್ಲವೆಂದು ಮೊದಲೇ ಹೇಳಿದ್ದೆ. ಅಲ್ಲಿ ಬಿಟ್ಟು ತಿರುಗಿ ನಡೆಯುವುದು ನನ್ನಿಂದಾಗದ ಕೆಲಸ. ಫುಟ್‌ಪಾತಿನ ಮೇಲೆ ನಿಂತೆ. ಟೈಲರಕ್ಕ ಬಾಗಿಲಲ್ಲಿ ನಿಂತು ಸೆರಗು ಬಾಯಿಗಿಟ್ಟುಕೊಂಡಿದ್ದರು.

“ಹೊರಡೋಣ್ವಾ ಅಪ್ಪಾ?” ತಮ್ಮ ಕೇಳಿದ.

“ರೈಟ್.”

ತಮ್ಮ ಕನ್ನಡಿಯಲ್ಲಿ ನನ್ನ ಮುಖ ನೋಡಿದ. ಆಮೇಲೆ ಕಣ್ಣು ತಪ್ಪಿಸಿ ಗೇರ್ ಹಾಕಿದ. ಕಾರು ಅಲುಗಿತು.

“ರೈಟ್!” ಅಪ್ಪ ಎಡಗೈ ಎತ್ತಿ ಕಾರಿನ ಚಾವಣಿಗೆ ಹೊಡೆದ. ಒಂದೇ ಒಂದು ಏಟು. ಕಾರು ಗಕ್ಕನೆ ನಿಂತಿತು. ತಮ್ಮನ ಕಾಲೂ ಕಂಡಕ್ಟರನ ಮಗನ ಕಾಲೇ ತಾನೇ.

ಓಡಿಹೋಗಿ ಬಾಗಿಲು ತೆಗೆದೆ. “ಏನಪ್ಪಾ? ಏನಾದ್ರೂ ಮರೆತ್ಯಾ?”

“ರೈಟ್.” ಇಲ್ಲ.

“ನಿನಗೆ ಅಲ್ಲಿಗೆ ಹೋಗೋಕೆ ಇಷ್ಟ ಇಲ್ಲ, ಗೊತ್ತಪ್ಪಾ...”

ಕೈಯಲ್ಲೇ ಅದನ್ನು ತಳ್ಳಿಹಾಕಿದ. ಆ ಮಾತಲ್ಲ. ಪಕ್ಕದ ಸೀಟನ್ನು ತಟ್ಟಿದ. ನನ್ನನ್ನು ನೋಡಿದ, ಮತ್ತೆ ತಟ್ಟಿದ.

“ನಾನಾ? ನಾನು ಬರಲ್ಲ ಅಪ್ಪಾ. ಹೊತ್ತಾಗುತ್ತೆ, ನೀವಿಬ್ರೂ ಹೊರಡಿ ಅಂತ...”

“ರೈಟ್.” ಚಾವಣಿಗೆ ಒಂದು ಏಟು. ನಿಲ್ಲು. ಹಿಂದೆ ಯಾರೋ ಹಾರನ್ ಹೊಡೆಯುತ್ತಿದ್ದರು. ಅಪ್ಪ ಅವರ ಕಡೆ ತಿರುಗಿಯೂ ನೋಡಲಿಲ್ಲ. ಕಾಯುತ್ತ ಕೂತ, ಇಡೀ ರಸ್ತೆಯನ್ನು ನಿಲ್ಲಿಸಿಕೊಂಡು.

ಹತ್ತಿದೆ. ಬರಿಗಾಲಲ್ಲೇ ಇದ್ದೆ, ಚಪ್ಪಲಿ ಬಾಗಿಲಲ್ಲೇ ಉಳಿದಿತ್ತು. ಅಪ್ಪ ನನ್ನ ಸೀರೆಯ ಅಂಚು ಹೊರಗೆ ಉಳಿದಿಲ್ಲವೆಂದು ನೋಡಿದ, ಬಾಗಿಲು ಭದ್ರವಾಯಿತೇ ಎಂದು ನೋಡಿದ. ಆಮೇಲೆ ಮುಂದೆ ತಿರುಗಿ, ಕೊರಳೆತ್ತಿ, “ರೈಟ್ ರೈಟ್,” ಎಂದ.

ತಮ್ಮ ಸ್ಟೀರಿಂಗ್ ಹಿಡಿದು ಅಳುತ್ತಿದ್ದ. ಹಾಗೆಯೇ ಬೀದಿಯ ಕೊನೆಯವರೆಗೆ ಹೋದ. “ಯಾವ ಕಡೆ ಅಕ್ಕಾ?” ಎಂದ.

ಕೇಳದೆ ಉಳಿಸಿಕೊಂಡಿದ್ದ ಪ್ರಶ್ನೆಯನ್ನು ಅಲ್ಲಿ ಕೇಳಿದೆ. “ಅಪ್ಪಾ, ನಮ್ಮನೆಗೇ ಹೋಗೋಣ್ವಾ? ನನ್ನ ಜೊತೆನೇ ಇರ್ತೀಯಾ?”

ಬಂದ ಉತ್ತರವನ್ನು ಇಲ್ಲಿ ಎರಡು ಸಲ ಬರೆಯಬೇಕಿಲ್ಲ. ತಮ್ಮ ಕಾರು ತಿರುಗಿಸಿದ. ಟೈಲರಕ್ಕ ಇನ್ನೂ ಬಾಗಿಲಲ್ಲೇ ಇದ್ದರು. “ಬೆಳಗ್ಗೆ ಹೊತ್ತು ನಾನೇ ಮಷಿನ್ ಇಲ್ಲಿಗೆ ತಂದು ಹಾಕ್ಕೋತೀನಿ. ಇದನ್ನ ಕೇಳೋಕೆ ನಿಮಗೆ ಇಷ್ಟು ದಿನ ಬಾಯಿರಲಿಲ್ವಾ?” ಎಂದು ಬೈದರು. ಶನಿವಾರ ಭಾನುವಾರ ತಮ್ಮ ಬಂದು ಮಲಗುತ್ತಾನಂತೆ. ಸಂಪಾದಕರಿಗೆ ಫೋನ್ ಮಾಡಿ, ಎಸ್ ಅಕ್ಷರವನ್ನೂ ಮನೆಗೇ ಕಳಿಸಿ ಎಂದೆ.

ಆ ಪರೀಕ್ಷೆಯ ಬೆಳಿಗ್ಗೆ ನೆನಪಿದೆಯಾ ಎಂದು ಅಪ್ಪನನ್ನು ಕೇಳಬಹುದಿತ್ತು. ಹೌದು, ಇಲ್ಲ ಎರಡೂ ಈಗ ನಮಗೆ ಬರುತ್ತವೆ. ಕೇಳಲಿಲ್ಲ. ಎಲ್ಲರಿಗೂ ಟೀ ಮಾಡಿದೆ. ಅಪ್ಪನದಕ್ಕೆ ಸಕ್ಕರೆ ಹಾಕಲಿಲ್ಲ.